ಮುಳ್ಳಿನಿಂದ ಮುಳ್ಳು ತೆಗೆಯಬಹುದೇ?

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆ ನಮಗೆಲ್ಲ ಗೊತ್ತು. ಕಾಲಿಗೆ ಮುಳ್ಳು ಚುಚ್ಚಿದಾಗ ಬೇಲಿಯಿಂದ ಇನ್ನೊಂದು ಮುಳ್ಳನ್ನು ಕಿತ್ತು ತಂದು ಮೊದಲನೆಯದನ್ನು ಹೊರತೆಗೆಯುತ್ತೇವೆ. ಕೆಲಸ ಮುಗಿದ ಮೇಲೆ ಎರಡನ್ನೂ ಎಸೆದುಬಿಡುತ್ತೇವೆ. ಮುಳ್ಳಿನ ಮಟ್ಟಿಗೆ ಈ ಗಾದೆ ಸರಿಯಾಗಿಯೇ ಇದೆ. ಆದರೆ ಆ ಎರಡನೆಯ ಮುಳ್ಳು ಒಬ್ಬ ಮನುಷ್ಯನಾಗಿದ್ದರೆ? ನಮ್ಮ ಕೈಯಲ್ಲಿ ಇರುವಾಗಲೇ ಅದು ಪಕ್ಕದಲ್ಲಿದ್ದ ಅಮಾಯಕನನ್ನೂ ಚುಚ್ಚುತ್ತಿದ್ದರೆ? ಚುಚ್ಚುವುದು ಗೊತ್ತಿದ್ದೂ ನಾವು ಅದನ್ನು ಕೈಬಿಡದೆ ಹಿಡಿದುಕೊಂಡಿದ್ದರೆ?

ಪ್ರಿಯ ವಾಚಕರೇ, ಈ ಪ್ರಶ್ನೆ ಕೇವಲ ತರ್ಕಕ್ಕಾಗಿ ಕಟ್ಟಿದ್ದಲ್ಲ. ಪ್ರಜೆಗಳ ಪ್ರಾಣವನ್ನು ಕಾಯಬೇಕಾದ ಒಂದು ಸರಕಾರ, ಆ ಪ್ರಾಣರಕ್ಷಣೆಯ ಹೆಸರಿನಲ್ಲಿಯೇ, ಕೊಲೆಗಡುಕರ ನಡುವೆ ಇದ್ದು ಸುದ್ದಿ ಕೊಡುವವನಿಗೆ ಸಂಬಳ ಕೊಡಬಹುದೇ? ಅವನು ಸ್ವತಃ ಕೊಲೆಯಲ್ಲಿ ಪಾಲುಗೊಂಡಾಗ ಕಣ್ಣು ಮುಚ್ಚಿಕೊಳ್ಳಬಹುದೇ? ಉತ್ತರ ಐರ್ಲೆಂಡಿನ ಜನ ಈ ಪ್ರಶ್ನೆಯೊಂದಿಗೆ ಬಹಳ ವರ್ಷ ಬದುಕಿದರು. ಸತ್ತವರಲ್ಲಿಯೂ ಕೊಂದವರಲ್ಲಿಯೂ ನಮ್ಮಂತೆ ಜ್ಞಾನಸ್ನಾನ ಪಡೆದವರು ಇದ್ದರು. ಆದ್ದರಿಂದ ಅವರ ಕಥೆಯನ್ನು ದೂರದ ದೇಶದ ಸುದ್ದಿ ಎಂದು ಪಕ್ಕಕ್ಕೆ ಇಡದೆ ಸ್ವಲ್ಪ ಹೊತ್ತು ಅದರ ಮುಂದೆ ಕುಳಿತುಕೊಳ್ಳೋಣ.

ಮೂವತ್ತು ವರ್ಷಗಳ ಕತ್ತಲು

1960ರ ದಶಕದ ಕೊನೆಯಲ್ಲಿ ಉತ್ತರ ಐರ್ಲೆಂಡಿನ ಕಥೋಲಿಕ ಅಲ್ಪಸಂಖ್ಯಾತರು ಮನೆ, ಉದ್ಯೋಗ ಮತ್ತು ಮತದಾನದಲ್ಲಿ ಸಮಾನ ಹಕ್ಕು ಬೇಕೆಂದು ಬೀದಿಗಿಳಿದರು. ಗಲಭೆಗಳಾದವು. 1969ರ ಆಗಸ್ಟ್ ತಿಂಗಳಲ್ಲಿ ಬ್ರಿಟಿಷ್ ಸೇನೆ ಬಂದಿಳಿಯಿತು. ಮುಂದೆ ಸುಮಾರು ಮೂವತ್ತು ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಒಂದು ಕಡೆ ಐರ್ಲೆಂಡನ್ನು ಒಂದುಗೂಡಿಸುತ್ತೇವೆಂದು ಬಂದೂಕು ಹಿಡಿದ ಐ.ಆರ್.ಎ. ಇನ್ನೊಂದು ಕಡೆ ಬ್ರಿಟನ್ನಿಗೆ ನಿಷ್ಠರೆಂದು ಹೇಳಿಕೊಳ್ಳುತ್ತ ಕಥೋಲಿಕರನ್ನು ಗುಂಡಿಕ್ಕುತ್ತಿದ್ದ ಅಲ್‌ಸ್ಟರ್ ಡಿಫೆನ್ಸ್ ಅಸೋಸಿಯೇಷನ್ನಿನಂಥ ಪ್ರಾಟೆಸ್ಟೆಂಟ್ ಪಡೆಗಳು. ನಡುವೆ ಸೇನೆ ಮತ್ತು ಪೊಲೀಸರು. ಇದು ಧರ್ಮಸಿದ್ಧಾಂತಕ್ಕಾಗಿ ನಡೆದ ಜಗಳವಲ್ಲ. ಆ ನಾಡು ಯಾರದು ಎಂಬ ಜಗಳ. ಆದರೂ ಸಾಯಬೇಕಾದವನು ಯಾರು ಎಂಬುದನ್ನು ಎಷ್ಟೋ ಸಲ ಅವನು ಯಾವ ದೇವಾಲಯಕ್ಕೆ ಹೋಗುತ್ತಾನೆ ಎಂಬುದರಿಂದಲೇ ತೀರ್ಮಾನಿಸಲಾಗುತ್ತಿತ್ತು.

1979ರ ಸೆಪ್ಟೆಂಬರ್‌ನಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಐರ್ಲೆಂಡಿಗೆ ಬಂದರು. ಉತ್ತರದ ಗಡಿ ದಾಟಲು ಅವರಿಗೆ ಆಗಲಿಲ್ಲ. ದ್ರೊಹೆಡಾ ಪಟ್ಟಣದ ಬಳಿ ಸೇರಿದ ಲಕ್ಷಾಂತರ ಜನರ ಮುಂದೆ ನಿಂತು, ಮೊಣಕಾಲೂರಿ ಬೇಡುತ್ತೇನೆ, ಹಿಂಸೆಯ ದಾರಿ ಬಿಟ್ಟುಬಿಡಿ ಎಂದು ವಿನಂತಿಸಿದರು. ಆ ವಿನಂತಿಗೆ ಸರಿಯಾದ ಉತ್ತರ ಸಿಗಲು ಇನ್ನೂ ಹತ್ತೊಂಬತ್ತು ವರ್ಷ ಹಿಡಿಯಿತು. 1998ರ ಏಪ್ರಿಲ್ 10ರಂದು, ಶುಭಶುಕ್ರವಾರದ ದಿನವೇ, ಬೆಲ್‌ಫಾಸ್ಟಿನಲ್ಲಿ ಒಪ್ಪಂದವಾಯಿತು.

ಆ ನಡುವಿನ ವರ್ಷಗಳಲ್ಲಿ ಸೇನೆಗೆ ಎದುರಾದ ಕಷ್ಟವನ್ನೂ ನಾವು ನ್ಯಾಯವಾಗಿ ನೋಡಬೇಕು. ಎದುರಾಳಿ ಸಮವಸ್ತ್ರ ಧರಿಸುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾನೆ, ಭಾನುವಾರ ಬಲಿಪೂಜೆಗೆ ಬರುತ್ತಾನೆ, ರಾತ್ರಿ ಬಾಂಬು ಇಡುತ್ತಾನೆ. ಅಂಥವನ ಮನಸ್ಸಿನಲ್ಲಿ ಏನಿದೆ ಎಂಬುದು ಅವನ ಸಂಗಡಿಗರಿಗೆ ಮಾತ್ರ ಗೊತ್ತು. ಆದ್ದರಿಂದ ಆ ಸಂಗಡಿಗರಲ್ಲಿ ಒಬ್ಬನನ್ನು ಒಲಿಸಿಕೊಳ್ಳಬೇಕು. ಈ ಕೆಲಸಕ್ಕಾಗಿಯೇ ಬ್ರಿಟಿಷ್ ಸೇನೆಯಲ್ಲಿ 'ಫೋರ್ಸ್ ರಿಸರ್ಚ್ ಯುನಿಟ್' ಎಂಬ ಗುಪ್ತ ತುಕಡಿ ಇತ್ತು. ಪೊಲೀಸರ ವಿಶೇಷ ಶಾಖೆಯೂ, ಎಂ.ಐ.5 ಎಂಬ ಗುಪ್ತಚರ ಸಂಸ್ಥೆಯೂ ತಮ್ಮ ತಮ್ಮ ಬಾತ್ಮೀದಾರರನ್ನು ಇಟ್ಟುಕೊಂಡಿದ್ದವು. ಇವರು ಕೊಟ್ಟ ಸುದ್ದಿಯಿಂದ ಬಾಂಬುಗಳು ಸಿಡಿಯುವ ಮುನ್ನ ಸಿಕ್ಕಿವೆ, ಜೀವಗಳು ಉಳಿದಿವೆ. ಇದು ಸತ್ಯ. ಉಳಿದವರಲ್ಲಿ ಯಾರಿಗೋ ತಂದೆಯಾದವರು, ಯಾರಿಗೋ ಮಗಳಾದವರು ಇದ್ದರು. ಈ ಸತ್ಯವನ್ನು ಬದಿಗಿಟ್ಟು ತೀರ್ಪು ಕೊಡಲು ಹೊರಟರೆ ಅದು ಸುಲಭದ ತೀರ್ಪಾಗುತ್ತದೆಯೇ ಹೊರತು ನ್ಯಾಯದ ತೀರ್ಪಾಗುವುದಿಲ್ಲ.

ಭಾನುವಾರದ ಊಟದ ಹೊತ್ತಿನಲ್ಲಿ

ಬ್ರಯಾನ್ ನೆಲ್ಸನ್ ಎಂಬವನು ಮೊದಲು ಸೈನಿಕನಾಗಿದ್ದವನು. ಬೆಲ್‌ಫಾಸ್ಟಿನ ಅಲ್‌ಸ್ಟರ್ ಡಿಫೆನ್ಸ್ ಅಸೋಸಿಯೇಷನ್ ಸೇರಿದ, ಸೇನೆಗೆ ಸುದ್ದಿ ಕೊಡುವವನೂ ಆದ. ನಡುವೆ ಕೆಲಸ ಹುಡುಕಿಕೊಂಡು ಜರ್ಮನಿಗೆ ಹೋಗಿದ್ದವನನ್ನು 1987ರಲ್ಲಿ ಸೇನೆಯ ಗುಪ್ತ ತುಕಡಿ ಮತ್ತೆ ಕರೆತಂದಿತು. ಆ ಪಡೆಯಲ್ಲಿ ಅವನ ಕೆಲಸವೇನು? ಯಾರನ್ನು ಕೊಲ್ಲಬೇಕೋ ಅವರ ಫೋಟೋ, ವಿಳಾಸ, ದಿನಚರಿ ಕೂಡಿಸಿ ಕೊಲೆಗಾರರಿಗೆ ಒದಗಿಸುವುದು. ಅಂದರೆ ಸರಕಾರದ ಹಣದಲ್ಲಿ ಬದುಕುತ್ತಿದ್ದವನೇ ಕೊಲೆಯ ಪಟ್ಟಿಯ ಗುಮಾಸ್ತನಾಗಿದ್ದ.

ಪ್ಯಾಟ್ರಿಕ್ ಫಿನುಕೇನ್ ಬೆಲ್‌ಫಾಸ್ಟಿನ ಕಥೋಲಿಕ ವಕೀಲ. ಐ.ಆರ್.ಎ. ಆರೋಪಿಗಳ ಪರವಾಗಿ ವಾದಿಸಿ ಹೆಸರಾಗಿದ್ದವರು. 1989ರ ಫೆಬ್ರವರಿ 12, ಭಾನುವಾರ. ಹೆಂಡತಿ, ಮೂವರು ಮಕ್ಕಳೊಂದಿಗೆ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಬಂದೂಕುಧಾರಿಗಳು ಬಾಗಿಲು ಮುರಿದು ಒಳನುಗ್ಗಿ ಹದಿನಾಲ್ಕು ಗುಂಡು ಹೊಡೆದರು. ಅವರಿಗೆ 39 ವರ್ಷ. ಹೆಂಡತಿಗೂ ಗಾಯವಾಯಿತು. ಮಕ್ಕಳು ಎಲ್ಲವನ್ನೂ ನೋಡಿದರು.

ಕೊಂದವರು ಅಲ್‌ಸ್ಟರ್ ಡಿಫೆನ್ಸ್ ಅಸೋಸಿಯೇಷನ್ನಿನವರು. ಆದರೆ ಆಮೇಲೆ ಒಂದೊಂದಾಗಿ ಹೊರಬಂದ ಸಂಗತಿಗಳನ್ನು ಕೇಳಿ. ಫಿನುಕೇನರ ಬಗ್ಗೆ ವಿವರ ಒದಗಿಸಿದವರಲ್ಲಿ ನೆಲ್ಸನ್ ಇದ್ದ, ಅವನು ಸೇನೆಯ ಮನುಷ್ಯ. ಆಯುಧ ಒದಗಿಸಿದ ವಿಲಿಯಂ ಸ್ಟೋಬಿ ಪೊಲೀಸರ ವಿಶೇಷ ಶಾಖೆಯ ಬಾತ್ಮೀದಾರ. ಫಿನುಕೇನರ ಪ್ರಾಣಕ್ಕೆ ಅಪಾಯವಿದೆ ಎಂಬುದು 1981ರಲ್ಲಿ ಒಮ್ಮೆ, 1985ರಲ್ಲಿ ಮತ್ತೊಮ್ಮೆ ಅಧಿಕಾರಿಗಳಿಗೆ ತಿಳಿದಿತ್ತು. ಯಾರೂ ಅವರಿಗೆ ಎಚ್ಚರಿಕೆ ಕೊಡಲಿಲ್ಲ. ಏಕೆ? ಎಚ್ಚರಿಕೆ ಕೊಟ್ಟರೆ ಸುದ್ದಿಯ ಮೂಲ ಬಯಲಾಗುತ್ತದೆ ಎಂಬ ಅಂಜಿಕೆ ಅಂಥ ಕಡೆಗಳಲ್ಲಿ ಯಾವಾಗಲೂ ಇರುತ್ತದೆ. ಬಾಯಿ ಬಿಟ್ಟರೆ ಬಾತ್ಮೀದಾರ ಹೋಗುತ್ತಾನೆ, ಮುಚ್ಚಿದರೆ ಬೇರೊಬ್ಬ ಹೋಗುತ್ತಾನೆ.

ನೆಲ್ಸನ್ 1992ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಕೊಲೆಯ ಸಂಚಿನ ಐದು ಆರೋಪಗಳೂ ಅದರಲ್ಲಿದ್ದವು. ಹತ್ತು ವರ್ಷ ಶಿಕ್ಷೆಯಾಯಿತು. ಸೇನೆಯ ಅಧಿಕಾರಿಯೊಬ್ಬರು ಅವನ ಪರವಾಗಿ ಸಾಕ್ಷಿ ಹೇಳಿ, ಇವನಿಂದ ಬಹಳ ಜೀವಗಳು ಉಳಿದಿವೆ ಎಂದರು. 2003ರಲ್ಲಿ ಸರ್ ಜಾನ್ ಸ್ಟೀವನ್ಸ್ ಅವರ ತನಿಖೆ, ಫಿನುಕೇನರ ಕೊಲೆಯನ್ನು ತಡೆಯಬಹುದಾಗಿತ್ತು ಎಂದು ಹೇಳಿತು. 2012ರಲ್ಲಿ ಸರ್ ಡೆಸ್ಮಂಡ್ ಡಿ ಸಿಲ್ವಾ ಅವರ ವರದಿ ಬಂತು. ಮೇಲಿನಿಂದ ಕೆಳಗಿನವರೆಗೆ ಹೆಣೆದ ಒಂದೇ ದೊಡ್ಡ ಪಿತೂರಿ ಇತ್ತೆಂದು ಅವರು ಹೇಳಲಿಲ್ಲ. ಆದರೆ ಸರಕಾರದ ನೌಕರರ ಕೈವಾಡವಿಲ್ಲದೆ ಈ ಕೊಲೆ ನಡೆಯುತ್ತಿರಲಿಲ್ಲ ಎಂದರು. ಬಾತ್ಮೀದಾರರು ಎಲ್ಲಿಯವರೆಗೆ ಹೋಗಬಹುದು ಎಂಬ ಬಗ್ಗೆ ಸ್ಪಷ್ಟ ಕಾನೂನನ್ನೇ ಸರಕಾರಗಳು ಮಾಡಿರಲಿಲ್ಲ ಎಂದು ಖಂಡಿಸಿದರು. 1985ರಲ್ಲಿ ಆ ಕೊಲೆಗಡುಕ ಪಡೆಯ ಬಳಿಯಿದ್ದ ಮಾಹಿತಿಯ 85 ಶೇಕಡಾ ಪಾಲು ಭದ್ರತಾ ಪಡೆಗಳಿಂದಲೇ ಸೋರಿದ್ದೆಂದು ಎಂ.ಐ.5 ಅಂದಾಜು ಮಾಡಿತ್ತು ಎಂಬುದೂ ಆ ವರದಿಯಲ್ಲಿದೆ. ಪ್ರಧಾನಿ ಡೇವಿಡ್ ಕ್ಯಾಮರನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಸಾರ್ವಜನಿಕ ವಿಚಾರಣೆ ನಡೆಸುವುದಾಗಿ ಸರಕಾರ ಘೋಷಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಮೂವತ್ತೈದು ವರ್ಷ ಕಳೆದಿದ್ದವು.

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ನಮ್ಮವರು ಕೇಳುವುದು ಇಂಥ ಸಂದರ್ಭಕ್ಕೇ.

ಬಾತ್ಮೀದಾರರನ್ನು ಹಿಡಿಯುವ ಬಾತ್ಮೀದಾರ

ಎರಡನೆಯ ಪ್ರಸಂಗ ಇನ್ನೂ ಜಟಿಲವಾದದ್ದು. ಐ.ಆರ್.ಎ. ಒಳಗೆ ದ್ರೋಹಿಗಳನ್ನು ಪತ್ತೆಹಚ್ಚಲು ಒಂದು ಆಂತರಿಕ ಭದ್ರತಾ ವಿಭಾಗ ಇತ್ತು. ಯಾರ ಮೇಲಾದರೂ ಸಂಶಯ ಬಂದರೆ ಅವನನ್ನು ಎತ್ತಿಕೊಂಡು ಹೋಗುತ್ತಿದ್ದರು, ದಿನಗಟ್ಟಲೆ ವಿಚಾರಿಸುತ್ತಿದ್ದರು, ಹಿಂಸಿಸಿ ತಪ್ಪೊಪ್ಪಿಗೆ ಪಡೆಯುತ್ತಿದ್ದರು, ಕೊನೆಗೆ ತಲೆಗೆ ಗುಂಡಿಕ್ಕಿ ರಸ್ತೆ ಬದಿಯಲ್ಲಿ ಹೆಣ ಎಸೆಯುತ್ತಿದ್ದರು. ಆ ವಿಭಾಗದ ಹೃದಯದಲ್ಲಿಯೇ ಬ್ರಿಟಿಷ್ ಸೇನೆಗೆ ಒಬ್ಬ ಬಾತ್ಮೀದಾರನಿದ್ದ. ಅವನ ಸಂಕೇತನಾಮ 'ಸ್ಟೇಕ್‌ನೈಫ್'.

ಇದರ ಅರ್ಥವನ್ನು ಒಂದು ಕ್ಷಣ ಯೋಚಿಸಿ. ಸರಕಾರಕ್ಕೆ ಸುದ್ದಿ ಕೊಟ್ಟರೆಂಬ ಅಪವಾದಕ್ಕೆ ಜನರನ್ನು ಹಿಡಿದು ಕೊಲ್ಲುತ್ತಿದ್ದ ಗುಂಪಿನಲ್ಲಿ ಸರಕಾರಕ್ಕೆ ಸುದ್ದಿ ಕೊಡುವವನೇ ಕುಳಿತಿದ್ದಾನೆ. ಯಾರನ್ನು ಹಿಡಿದಿದ್ದಾರೆ ಎಂಬುದು ಅವನಿಗೆ ಗೊತ್ತು, ಅವನ ಮೂಲಕ ಕೆಲವೊಮ್ಮೆ ಅವನ ಯಜಮಾನರಿಗೂ ಗೊತ್ತು. ಹಿಡಿಯಲ್ಪಟ್ಟವನನ್ನು ಬಿಡಿಸಲು ಹೋದರೆ, ಸುದ್ದಿ ಹೇಗೆ ಹೊರಬಂತು ಎಂದು ಐ.ಆರ್.ಎ. ಹುಡುಕುತ್ತದೆ. ಹಾಗಾಗಿ ಬಿಡಿಸದೆ ಇದ್ದ ಸಂದರ್ಭಗಳು ಉಂಟಾದವು.

2016ರಲ್ಲಿ ಜಾನ್ ಬೌಚರ್ ಎಂಬ ಪೊಲೀಸ್ ಅಧಿಕಾರಿಯ ನೇತೃತ್ವದಲ್ಲಿ 'ಆಪರೇಷನ್ ಕೆನೋವಾ' ಎಂಬ ತನಿಖೆ ಆರಂಭವಾಯಿತು. 2024ರ ಮಾರ್ಚ್‌ನಲ್ಲಿ ಅದರ ಮಧ್ಯಂತರ ವರದಿ ಹೊರಬಂತು. ಈ ಒಬ್ಬ ಬಾತ್ಮೀದಾರನಿಂದ ನೂರಾರು ಜೀವಗಳು ಉಳಿದವೆಂದು ವರ್ಷಗಳಿಂದ ಹೇಳಿಕೊಂಡು ಬರಲಾಗಿತ್ತು. ಕೆನೋವಾ ತಂಡ ಕಡತಗಳನ್ನು ಒಂದೊಂದಾಗಿ ಬಿಚ್ಚಿ ನೋಡಿತು. ನೂರಾರು ಎಂಬ ಮಾತಿಗೆ ಆಧಾರ ಸಿಗಲಿಲ್ಲ. ಹತ್ತರ ಆಚೀಚೆ ಎನ್ನಬಹುದಾದಷ್ಟು ಜೀವಗಳು ಮಾತ್ರ ಉಳಿದಿರಬಹುದು. ಅವನಿಂದ ಉಳಿದ ಜೀವಗಳಿಗಿಂತ ಹೋದ ಜೀವಗಳೇ ಬಹುಶಃ ಹೆಚ್ಚು ಎಂದು ವರದಿ ತೀರ್ಮಾನಿಸಿತು. ಬ್ರಿಟಿಷ್ ಸರಕಾರವೂ ಐ.ಆರ್.ಎ. ಪರಂಪರೆಯ ನಾಯಕರೂ, ಇಬ್ಬರೂ ಸತ್ತವರ ಕುಟುಂಬಗಳ ಕ್ಷಮೆ ಕೇಳಬೇಕೆಂದು ಅದು ಶಿಫಾರಸು ಮಾಡಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಕೊಲೆಯ ಮೊದಲ ಹೊಣೆ ಕೊಂದವರದೇ. ಹಿಂಸಿಸಿ, ಗುಂಡಿಕ್ಕಿ, ಅದನ್ನೇ ನ್ಯಾಯ ಎಂದು ಕರೆದವರ ಪಾಪ, ಸರಕಾರದ ತಪ್ಪು ಹೊರಬಂದದ್ದರಿಂದ ಒಂದು ಎಳ್ಳಿನಷ್ಟೂ ಕಡಿಮೆಯಾಗುವುದಿಲ್ಲ.

ದೇವರ ವಾಕ್ಯ ಏನು ಹೇಳುತ್ತದೆ?

ಗುಟ್ಟಾಗಿ ಸುದ್ದಿ ಸಂಗ್ರಹಿಸುವುದೇ ಪಾಪವೇ? ಹಾಗೆ ಹೇಳಲಾಗದು. ಮೋಶೆ ಕಾನಾನ್ ನಾಡನ್ನು ನೋಡಿಬರಲು ಹನ್ನೆರಡು ಜನರನ್ನು ಕಳುಹಿಸಿದರು. ಯೆಹೋಶುವ ಕಳುಹಿಸಿದ ಬೇಹುಗಾರರನ್ನು ಜೆರಿಕೋ ಪಟ್ಟಣದ ರಾಹಾಬಳು ತನ್ನ ಮನೆಯ ಮಾಳಿಗೆಯಲ್ಲಿ ಬಚ್ಚಿಟ್ಟಳು. ಸಂತ ಥಾಮಸ್ ಅಕ್ವಿನಾಸರು ಯುದ್ಧದಲ್ಲಿ ಹೊಂಚುಹಾಕಬಹುದೇ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು, ನಮ್ಮ ಉದ್ದೇಶವನ್ನು ಶತ್ರುವಿಗೆ ತಿಳಿಸದೆ ಮುಚ್ಚಿಡುವುದು ತಪ್ಪಲ್ಲ, ಆದರೆ ಸುಳ್ಳು ಹೇಳುವುದು, ಕೊಟ್ಟ ಮಾತು ಮುರಿಯುವುದು ಶತ್ರುವಿನ ವಿಷಯದಲ್ಲಿಯೂ ತಪ್ಪು ಎಂದು ಗೆರೆ ಎಳೆದರು.

ಅವರಿಗಿಂತಲೂ ಎಂಟು ಶತಮಾನಗಳ ಹಿಂದೆ ಸಂತ ಅಗುಸ್ತೀನರ ಮುಂದೆ ನಮ್ಮ ಪ್ರಶ್ನೆಗೆ ತೀರ ಹತ್ತಿರವಾದ ಪ್ರಶ್ನೆಯೇ ಬಂದಿತ್ತು. ಸ್ಪೇನಿನ ಕಡೆ ಪ್ರಿಸ್ಕಿಲಿಯನರೆಂಬ ಪಂಗಡದವರು ತಮ್ಮ ನಂಬಿಕೆಯನ್ನು ಮರೆಮಾಚಿ ಕಥೋಲಿಕರ ನಡುವೆ ಇರುತ್ತಿದ್ದರು. ಹಾಗಾದರೆ ನಮ್ಮವರೂ ಅವರಂತೆಯೇ ನಟಿಸಿ ಒಳಹೊಕ್ಕು ಅವರನ್ನು ಪತ್ತೆಮಾಡಬಾರದೇಕೆ ಎಂದು ಕೊನ್ಸೆಂತಿಯುಸ್ ಎಂಬವರು ಕೇಳಿದರು. ಸುಮಾರು 420ರಲ್ಲಿ ಅಗುಸ್ತೀನರು ಸುಳ್ಳಿನ ವಿರುದ್ಧ ಒಂದು ಪುಸ್ತಕವನ್ನೇ ಬರೆದು, ಬೇಡ ಎಂದರು. ಸುಳ್ಳುಗಾರರನ್ನು ಹಿಡಿಯಲು ನಾವೂ ಸುಳ್ಳು ಹೇಳಿದರೆ ಸತ್ಯವನ್ನು ಕಾಯುವುದು ಹೇಗೆ, ನಮ್ಮ ಮಾತನ್ನು ಮುಂದೆ ಯಾರು ನಂಬಿಯಾರು ಎಂಬುದು ಅವರ ವಾದದ ತಿರುಳು.

ಈ ಗೆರೆಯನ್ನು ತೀರ ಬಿಗಿಯಾಯಿತೆಂದು ನೀವು ಹೇಳಬಹುದು. ಬಾಂಬು ಇಡುವವರ ನಡುವೆ ಬಾಯಿ ಮುಚ್ಚಿಕೊಂಡಿದ್ದು ಸುದ್ದಿ ತರುವವನನ್ನು ನಾನೂ ಖಂಡಿಸಲಾರೆ. ಆದರೆ ಅಗುಸ್ತೀನರ ಎಚ್ಚರಿಕೆಯಲ್ಲಿ ಒಂದು ಅನುಭವದ ಸತ್ಯವಿದೆ. ನಟನೆಗೆ ಬೆಲೆ ಕೊಡಬೇಕಾಗುತ್ತದೆ. ಕೊಲೆಗಡುಕರ ಗುಂಪಿನಲ್ಲಿ ನಂಬಿಕೆ ಗಳಿಸಬೇಕಾದರೆ ಅವರು ಮಾಡುವುದನ್ನು ಮಾಡಬೇಕು. ಇಂದು ಕಾವಲು ನಿಲ್ಲುವುದು, ನಾಳೆ ಆಯುಧ ಸಾಗಿಸುವುದು, ನಾಡಿದ್ದು ವಿಳಾಸ ಕೊಡುವುದು. ಹೆಚ್ಚು ಒಳಗೆ ಹೋದಷ್ಟೂ ಅವನು ತರುವ ಸುದ್ದಿಗೆ ಬೆಲೆ ಹೆಚ್ಚು. ಬೆಲೆ ಹೆಚ್ಚಿದಷ್ಟೂ ಅವನನ್ನು ಕಳೆದುಕೊಳ್ಳಲು ಯಜಮಾನರಿಗೆ ಮನಸ್ಸಿಲ್ಲ. ಕೊನೆಗೆ ಜನರನ್ನು ಉಳಿಸಲೆಂದು ಇಟ್ಟುಕೊಂಡ ಬಾತ್ಮೀದಾರನನ್ನು ಉಳಿಸಲೆಂದು ಜನರನ್ನು ಬಿಟ್ಟುಕೊಡುವ ಸ್ಥಿತಿ ಬರುತ್ತದೆ. ಸಾಧನವೇ ಗುರಿಯಾಗಿಬಿಡುತ್ತದೆ.

ದಾವೀದ ಅರಸನ ಕಥೆ ನೆನಪಿದೆಯೇ? ಊರೀಯನನ್ನು ಅವನು ಕೈಯಾರೆ ಕೊಲ್ಲಲಿಲ್ಲ. ಯುದ್ಧ ಬಿರುಸಾಗಿರುವ ಕಡೆ ಅವನನ್ನು ನಿಲ್ಲಿಸಿ ಉಳಿದವರು ಹಿಂದೆ ಸರಿಯಿರಿ ಎಂದು ಒಂದು ಪತ್ರ ಬರೆದ, ಅಷ್ಟೆ. ಬಾಣ ಬಿಟ್ಟದ್ದು ಶತ್ರು. ಆದರೂ ಪ್ರವಾದಿ ನಾತಾನನು ಅರಮನೆಗೆ ಬಂದು ಬೊಟ್ಟುಮಾಡಿದ್ದು ಬಾಣ ಬಿಟ್ಟವನ ಕಡೆಗಲ್ಲ, ದಾವೀದನ ಕಡೆಗೆ. ಹಿಂದೆ ಸರಿಯುವುದೂ ಒಂದು ಕೃತ್ಯ. ಕಾಯಬೇಕಾದವನು ಸುಮ್ಮನಿದ್ದರೆ ಆ ಸುಮ್ಮನಿರುವಿಕೆಗೆ ದೇವರ ಮುಂದೆ ಲೆಕ್ಕ ಒಪ್ಪಿಸಬೇಕು.

ಲೆಕ್ಕದ ಪ್ರಶ್ನೆ

"ಒಬ್ಬನನ್ನು ಕಳೆದುಕೊಂಡು ಹತ್ತು ಜನರನ್ನು ಉಳಿಸುವುದಾದರೆ ತಪ್ಪೇನು?" ಈ ಪ್ರಶ್ನೆಯನ್ನು ಬುದ್ಧಿವಂತರೂ ಕರುಣಾಳುಗಳೂ ಕೇಳುತ್ತಾರೆ. ಇದಕ್ಕೆ ಉತ್ತರ ಹುಡುಕಲೇಬೇಕು.

ಮೊದಲನೆಯದಾಗಿ, ಲೆಕ್ಕ ಬರೆಯುವವನು ಯಾರು? ಬಾತ್ಮೀದಾರನನ್ನು ಇಟ್ಟುಕೊಂಡವನೇ. ತನ್ನ ಕೆಲಸ ಸಾರ್ಥಕವಾಯಿತೆಂದು ತೋರಿಸುವ ಅಗತ್ಯ ಅವನಿಗಿದೆ. ಉಳಿದ ಜೀವಗಳು ಊಹೆಯ ಲೆಕ್ಕ, ಹೋದ ಜೀವಗಳು ಸಮಾಧಿಯ ಲೆಕ್ಕ. ನೂರಾರು ಎಂಬ ಮಾತು ಹೊರಗಿನವರು ಕಡತ ಬಿಚ್ಚಿದಾಗ ಹತ್ತರ ಹತ್ತಿರಕ್ಕೆ ಇಳಿದದ್ದನ್ನು ನೋಡಿದೆವು. ಗುಟ್ಟಾಗಿ ಬರೆದ ಲೆಕ್ಕವನ್ನು ಪರೀಕ್ಷಿಸುವವರಿಲ್ಲದಿದ್ದರೆ ಅದು ಯಾವಾಗಲೂ ಬರೆದವನ ಕಡೆಗೇ ವಾಲುತ್ತದೆ.

ಎರಡನೆಯದಾಗಿ, ಲೆಕ್ಕ ಸರಿಯಾಗಿಯೇ ಇದೆ ಎಂದಿಟ್ಟುಕೊಳ್ಳಿ. ಆಗಲೂ ಪ್ರಶ್ನೆ ಮುಗಿಯುವುದಿಲ್ಲ. ಜನರೆಲ್ಲ ನಾಶವಾಗುವುದಕ್ಕಿಂತ ಒಬ್ಬನು ಸಾಯುವುದು ಲೇಸು ಎಂಬ ಸಲಹೆ ಶುಭಸಂದೇಶದಲ್ಲಿ ಯಾರ ಬಾಯಿಂದ ಬಂತು? ಪ್ರಧಾನ ಯಾಜಕ ಕಾಯಫನ ಬಾಯಿಂದ. ಅವನೂ ರಾಷ್ಟ್ರದ ಭದ್ರತೆಯನ್ನೇ ಯೋಚಿಸುತ್ತಿದ್ದ. ಅವನ ಲೆಕ್ಕದಲ್ಲಿ ಒಂದು ಅಂಕಿಯಾಗಿ ಹೋದವರು ಯಾರೆಂಬುದನ್ನು ನಾವು ಪ್ರತಿ ಶುಭಶುಕ್ರವಾರ ನೆನೆಯುತ್ತೇವೆ. ಒಳಿತಾಗಲೆಂದು ಕೆಡುಕನ್ನು ಮಾಡೋಣ ಎಂಬ ವಾದವನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ತಿರಸ್ಕರಿಸುತ್ತಾರೆ. 1993ರ 'ವೆರಿತಾತಿಸ್ ಸ್ಪ್ಲೆಂದೋರ್' ವಿಶ್ವಪತ್ರದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಇದನ್ನೇ ಮತ್ತೆ ಎತ್ತಿ ಹೇಳಿದರು: ಉದ್ದೇಶ ಎಷ್ಟೇ ಒಳ್ಳೆಯದಾಗಿರಲಿ, ಕೆಲವು ಕೃತ್ಯಗಳು ತಮ್ಮಷ್ಟಕ್ಕೆ ತಾವೇ ಕೆಟ್ಟವು. ನಿರ್ದೋಷಿಯ ಪ್ರಾಣ ತೆಗೆಯುವುದು ಅಂಥದ್ದು.

ಬೆಂಕಿ ಬಿದ್ದ ಮನೆಯಿಂದ ಇಬ್ಬರನ್ನು ಎತ್ತಿಕೊಂಡು ಬಂದವನು ಮೂರನೆಯವನನ್ನು ತರಲಾಗಲಿಲ್ಲ ಎಂದು ಅತ್ತರೆ ನಾವು ಅವನ ಕಣ್ಣೀರು ಒರೆಸುತ್ತೇವೆ. ಮೂರನೆಯವನನ್ನು ತಾನೇ ಬೆಂಕಿಗೆ ನೂಕಿ ಆ ಗದ್ದಲದಲ್ಲಿ ಇಬ್ಬರನ್ನು ಹೊರತಂದವನಿಗೆ ಹಾಗೆ ಮಾಡುವೆವೇ? ಎರಡು ಕಡೆಯೂ ಲೆಕ್ಕ ಒಂದೇ. ಕೃತ್ಯ ಒಂದೇ ಅಲ್ಲ.

ಬಾತ್ಮೀದಾರನೂ ಮನುಷ್ಯನೇ

ಇನ್ನೊಬ್ಬನನ್ನು ನಾವು ಮರೆಯುತ್ತೇವೆ. ಅವನೇ ಆ ಎರಡನೆಯ ಮುಳ್ಳು. ಬಾತ್ಮೀದಾರರೆಲ್ಲ ಹಣದಾಸೆಯವರಲ್ಲ. ಕೊಲೆಗಳನ್ನು ನೋಡಿ ಅಸಹ್ಯಪಟ್ಟು ತಾವಾಗಿಯೇ ಬಂದವರಿದ್ದರು. ಯಾವುದೋ ಸಣ್ಣ ಅಪರಾಧದಲ್ಲಿ ಸಿಕ್ಕಿಬಿದ್ದು, ಸಾಲದಲ್ಲಿ ಸಿಲುಕಿ, ಬೇರೆ ದಾರಿ ಕಾಣದೆ ಒಪ್ಪಿಕೊಂಡವರೂ ಇದ್ದರು. ಮನುಷ್ಯನ ದುರ್ಬಲ ಜಾಗವನ್ನು ಹುಡುಕಿ ಅಲ್ಲಿಯೇ ಬೆರಳಿಟ್ಟು ಒತ್ತುವುದು ಈ ಕಸುಬಿನ ವಿದ್ಯೆ. ಪಾಪನಿವೇದನೆಯಲ್ಲಿಯೂ ಮನುಷ್ಯನ ದುರ್ಬಲ ಜಾಗ ತೆರೆದುಕೊಳ್ಳುತ್ತದೆ, ಆದರೆ ಅಲ್ಲಿ ಅದನ್ನು ಮುಟ್ಟುವುದು ಗುಣಪಡಿಸಲು. ಇಲ್ಲಿ ಬಳಸಿಕೊಳ್ಳಲು.

ಸಿಕ್ಕಿಬಿದ್ದವನ ಗತಿ ಏನಾಯಿತೆಂದು ಮೇಲೆ ಹೇಳಿದ್ದೇನೆ. ಅವನ ಹೆಂಡತಿ ಮಕ್ಕಳ ಗತಿಯೂ ಕಡಿಮೆಯದಲ್ಲ. ಕೊಲೆಯಾದವನ ಮನೆಗೆ ನೆರೆಯವರು ಬಂದು ಸಂತೈಸುವುದು ಎಲ್ಲ ಕಡೆಯ ಪದ್ಧತಿ. ದ್ರೋಹಿ ಎಂಬ ಹೆಸರು ಹೊತ್ತು ಸತ್ತವನ ಮನೆಯವರು ಬಹಿರಂಗವಾಗಿ ಅಳಲೂ ಅಂಜಬೇಕಾಯಿತು. ಅದೇ ಬೀದಿ, ಅದೇ ಅಂಗಡಿ, ಅದೇ ದೇವಾಲಯದ ಅದೇ ಬೆಂಚು, ಆದರೆ ಮಾತಾಡಿಸುವವರಿಲ್ಲ.

ಅಪವಾದ ಸುಳ್ಳಾಗಿದ್ದರೂ ಗತಿ ಅದೇ. ಜೀನ್ ಮೆಕ್‌ಕಾನ್‌ವಿಲ್ ಬೆಲ್‌ಫಾಸ್ಟಿನ ಒಬ್ಬ ವಿಧವೆ, ಹತ್ತು ಮಕ್ಕಳ ತಾಯಿ. 1972ರ ಡಿಸೆಂಬರ್‌ನಲ್ಲಿ ಐ.ಆರ್.ಎ. ಅವರನ್ನು ಮಕ್ಕಳ ಎದುರಿನಿಂದಲೇ ಎಳೆದೊಯ್ದು ಕೊಂದು ಗುಟ್ಟಾಗಿ ಹೂತುಬಿಟ್ಟಿತು. ಸೇನೆಗೆ ಸುದ್ದಿ ಕೊಡುತ್ತಿದ್ದಳೆಂಬುದು ಅವರು ಹೊರಿಸಿದ ಅಪರಾಧ. ಮಕ್ಕಳು ದಿಕ್ಕಾಪಾಲಾಗಿ ಅನಾಥಾಲಯಗಳಲ್ಲಿ ಬೆಳೆದರು. ತಾಯಿಯ ಅವಶೇಷ 2003ರಲ್ಲಿ ಐರ್ಲೆಂಡಿನ ಒಂದು ಕಡಲತೀರದಲ್ಲಿ ಸಿಕ್ಕಿತು. 2006ರಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಓಂಬುಡ್ಸ್‌ಮನ್ ನುವಾಲಾ ಓಲೋನ್ ಅವರು, ಆಕೆ ಬಾತ್ಮೀದಾರಳೆಂಬುದಕ್ಕೆ ಯಾವ ಆಧಾರವೂ ಇಲ್ಲ ಎಂದರು. ಬಾತ್ಮೀದಾರರು ಎಲ್ಲೆಲ್ಲೂ ಇದ್ದಾರೆಂಬ ಸಂಶಯ ಒಮ್ಮೆ ಬೀದಿಗೆ ಇಳಿದರೆ, ಒಬ್ಬ ಬಡ ತಾಯಿಯನ್ನು ನುಂಗಲು ಅಷ್ಟೇ ಸಾಕು.

ಹಾಗಾದರೆ ಏನು ಮಾಡಬೇಕು?

ಸರಕಾರ ಕೈಕಟ್ಟಿ ಕೂರಬೇಕೆಂದು ಯಾರೂ ಹೇಳುವುದಿಲ್ಲ. ಕಾಯುವ ಕರ್ತವ್ಯ ಇರುವವನಿಗೆ ತಿಳಿದುಕೊಳ್ಳುವ ಹಕ್ಕೂ ಇದೆ. ಆದರೆ ಗೆರೆಗಳು ಬೇಕು. ಒಬ್ಬರ ಪ್ರಾಣ ಅಪಾಯದಲ್ಲಿದೆ ಎಂದು ಗೊತ್ತಾದ ಕ್ಷಣ, ಬಾತ್ಮೀದಾರ ಬಯಲಾದರೂ ಸರಿ, ಆ ಪ್ರಾಣ ಕಾಯುವುದು ಮೊದಲ ಕೆಲಸವಾಗಬೇಕು. ಅಧಿಕಾರಿಗಳಿಗೆ ಒಬ್ಬನ ಪ್ರಾಣಕ್ಕೆ ನಿಜವಾದ, ತಕ್ಷಣದ ಅಪಾಯವಿದೆ ಎಂದು ತಿಳಿದಿದ್ದರೆ ಅವನನ್ನು ಕಾಯಲು ಕ್ರಮ ಕೈಗೊಳ್ಳುವ ಹೊಣೆ ಅವರದು ಎಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1998ರಲ್ಲಿ ಓಸ್ಮಾನ್ ಮೊಕದ್ದಮೆಯಲ್ಲಿ ಹೇಳಿತು. ಬಾತ್ಮೀದಾರನ ಕೈಗೆ ರಕ್ತ ಹತ್ತಿದರೆ ಅವನನ್ನು ಅಲ್ಲಿಂದ ತೆಗೆದು ನ್ಯಾಯದ ಮುಂದೆ ನಿಲ್ಲಿಸಬೇಕು. ಅವನನ್ನು ನಡೆಸುವವರ ಕಡತಗಳನ್ನು ಅವರಿಗೆ ಸಂಬಂಧಪಡದ ಒಬ್ಬರು ಓದುತ್ತಿರಬೇಕು.

ಬ್ರಿಟನ್ 2021ರಲ್ಲಿ ಒಂದು ಕಾನೂನು ಮಾಡಿ, ಬಾತ್ಮೀದಾರರು ಅಪರಾಧ ಕೃತ್ಯದಲ್ಲಿ ತೊಡಗಲು ಮುಂಚಿತವಾಗಿ ಅನುಮತಿ ಕೊಡುವ ಅಧಿಕಾರವನ್ನು ಸಂಸ್ಥೆಗಳಿಗೆ ನೀಡಿತು. ಕಾನೂನೇ ಇಲ್ಲದ ಕಾಲಕ್ಕಿಂತ ಇದು ಮೇಲು ಎಂದು ಕೆಲವರು ಸಮಾಧಾನಪಟ್ಟರು. ಕೊಲೆ, ಹಿಂಸೆಯಂಥ ಕೃತ್ಯಗಳಿಗೆ ಎಂದೂ ಅನುಮತಿ ಇಲ್ಲ ಎಂದು ಕಾನೂನಿನಲ್ಲಿಯೇ ಪಟ್ಟಿಮಾಡಿ ಹೇಳಿಲ್ಲವೇಕೆ ಎಂದು ಇನ್ನು ಕೆಲವರು ಕೇಳಿದರು. ಈ ಪ್ರಶ್ನೆ ಸರಿಯಾದ ಪ್ರಶ್ನೆ. ಆಗದು ಎಂಬ ಮಾತನ್ನು ಮೊದಲೇ ಬರೆದಿಡದಿದ್ದರೆ ಕಷ್ಟದ ಗಳಿಗೆಯಲ್ಲಿ ಅದು ಯಾರ ಬಾಯಿಂದಲೂ ಬರುವುದಿಲ್ಲ.

ಕೊನೆಯದಾಗಿ, ಸತ್ಯವನ್ನು ಹೇಳಬೇಕು. ಫಿನುಕೇನರ ಮನೆಯವರು ಇಷ್ಟು ವರ್ಷ ಕೇಳಿದ್ದು ಸೇಡನ್ನಲ್ಲ, ನಡೆದದ್ದು ಏನೆಂಬುದನ್ನು. ಪಾಪವನ್ನು ಹೇಳಿಕೊಳ್ಳದೆ ಪಾಪಪರಿಹಾರವಿಲ್ಲ ಎಂಬುದು ನಾವು ಚಿಕ್ಕಂದಿನಲ್ಲೇ ಧರ್ಮೋಪದೇಶ ತರಗತಿಯಲ್ಲಿ ಕಲಿತ ಪಾಠ. ವ್ಯಕ್ತಿಗೆ ಅನ್ವಯಿಸುವ ಈ ಪಾಠ ರಾಜ್ಯಕ್ಕೆ ಅನ್ವಯಿಸುವುದಿಲ್ಲವೇ?

ಪ್ರಿಯ ವಾಚಕರೇ, ನಮ್ಮಲ್ಲಿ ಯಾರೂ ಗುಪ್ತಚರ ತುಕಡಿ ನಡೆಸುವವರಲ್ಲ. ಆದರೆ ಮನೆಯಲ್ಲಿ ಒಂದು ಮಗುವನ್ನು ಇನ್ನೊಂದು ಮಗುವಿನ ಮೇಲೆ ಕಣ್ಣಿಡಲು ಬಿಡುವಾಗ, ಕಚೇರಿಯಲ್ಲಿ ಸಹೋದ್ಯೋಗಿಗಳ ಮಾತನ್ನು ಮೇಲಿನವರಿಗೆ ಮುಟ್ಟಿಸುವವನಿಗೆ ಬಡ್ತಿ ಸಿಗುವಾಗ, ಸಂಘದಲ್ಲಿ ಚಾಡಿಕೋರನೊಬ್ಬ ನಮ್ಮ ಉಪಯೋಗಕ್ಕೆ ಬರುತ್ತಾನೆಂದು ಅವನ ತಪ್ಪಿಗೆ ಕಣ್ಣು ಮುಚ್ಚುವಾಗ, ಅದೇ ಗಾದೆ ನಮ್ಮ ನಾಲಿಗೆಯ ತುದಿಗೆ ಬರುತ್ತದೆ. ಮುಂದಿನ ಸಲ ಅದು ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ನನ್ನ ಕೈಯಲ್ಲಿರುವ ಈ ಮುಳ್ಳು ಯಾರ ಮಗ? ಅದು ಈಗ ಯಾರನ್ನು ಚುಚ್ಚುತ್ತಿದೆ?